ಪ್ರೋಟಾನ್ ಒಳಗೆ ಮೂರೇ ಕ್ವಾರ್ಕ್ ಅಂತ ಪಾಠ ಮಾಡಿದ್ದು ತಪ್ಪಾ?

ಹಾಸನದ ಮೇಷ್ಟ್ರು:
ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಬೋರ್ಡ್ ಮೇಲೆ ಒಂದೇ ಚಿತ್ರ: ದೊಡ್ಡ ಸೊನ್ನೆ, ಅದರೊಳಗೆ ಮೂರು ಸಣ್ಣ ಸೊನ್ನೆ. ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್.

ಮೊನ್ನೆ ಅರಸೀಕೆರೆಯಿಂದ ರೈಲಲ್ಲಿ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಮೂರರ ಮಾಸ್ ಕೂಡಿದರೆ ಸುಮಾರು 9 ಎಂಇವಿ (ಕಣಗಳ ಮಾಸ್, ಶಕ್ತಿ ಅಳೆಯುವ ಮಾನ). ಪ್ರೋಟಾನ್ 938. ಉಳಿದದ್ದು ಎಲ್ಲಿಂದ ಬಂತು?" ಕ್ವಾರ್ಕ್‌ಗಳನ್ನು ಅಂಟಿಸಿ ಹಿಡಿಯುವ ಗ್ಲುವಾನ್ ಕಣಗಳ ಶಕ್ತಿ, ಕ್ವಾರ್ಕ್‌ಗಳ ಓಡಾಟದ ಶಕ್ತಿ ಅಂದೆ. ಅಲ್ಲಿಗೆ ಬಿಡಲಿಲ್ಲ. ಫೋನಲ್ಲಿ ಒಂದು ಗ್ರಾಫ್ ತೋರಿಸಿದಳು. ಅಡ್ಡಕ್ಕೆ ಎಕ್ಸ್, ಅಂದರೆ ಪ್ರೋಟಾನಿನ ಮೊಮೆಂಟಮ್‌ನಲ್ಲಿ ಒಂದು ಕಣದ ಪಾಲು. ಗೆರೆ ಎತ್ತರ ಇದ್ದಷ್ಟೂ ಆ ಪಾಲಿನ ಕಣ ಜಾಸ್ತಿ. ಎಕ್ಸ್ ಸಣ್ಣದಾದಷ್ಟೂ ಗ್ಲುವಾನ್ ಗೆರೆ ಏರುತ್ತಲೇ ಹೋಗುತ್ತದೆ. ಕ್ವಾರ್ಕ್‌ಗಳ ವಿರುದ್ಧ ಜೋಡಿ, ಅಂದರೆ ಆಂಟಿಕ್ವಾರ್ಕ್‌ಗಳೂ ಇವೆ. "ಹಾಗಾದರೆ ಆ ಮೂರು ಎಲ್ಲಿ ಸರ್?"

ಸೋಮವಾರ ಹೇಳುತ್ತೇನೆ ಅಂದಿದ್ದೇನೆ. ಸುಮ್ನೆ ಏನೋ ಒಂದು ಹೇಳಿ ಕೂರಿಸಲು ಮನಸ್ಸಿಲ್ಲ.

ಪಾರ್ಟಾನ್ ಪ್ರಿಯ:
ತಪ್ಪಲ್ಲ ಸರ್. ಎಣಿಸಬೇಡಿ, ಕಳೆಯಿರಿ. ಅಪ್ ಗೆರೆಯಿಂದ ಆಂಟಿ-ಅಪ್ ಗೆರೆ ಕಳೆದು, ಎಲ್ಲಾ ಎಕ್ಸ್‌ಗೂ ಕೂಡಿದರೆ 2 ಬರುತ್ತದೆ. ಡೌನ್‌ಗೆ 1. ಗ್ಲುವಾನ್ ಒಡೆದಾಗ ಕ್ವಾರ್ಕ್, ಆಂಟಿಕ್ವಾರ್ಕ್ ಜೊತೆಯಲ್ಲೇ ಹುಟ್ಟುತ್ತವೆ. ಹಾಗಾಗಿ ಕಳೆಯುವಾಗ ಜೊತೆಯಲ್ಲೇ ಹೋಗುತ್ತವೆ. ಎಷ್ಟು ಜೋರಾಗಿ ಗುದ್ದಿ ನೋಡಿದರೂ ಈ 2 ಮತ್ತು 1 ಬದಲಾಗುವುದಿಲ್ಲ. ನಿಮ್ಮ ಮೂರು ಇರುವುದು ಅಲ್ಲಿ.

ಇನ್ನೊಂದು ಮಾತು ಅವಳಿಗೆ ಹೇಳಿ. ಆ ಗೆರೆಗಳು ಸೀದಾ ಸಿದ್ಧಾಂತದಿಂದ ಇಳಿದು ಬಂದದ್ದಲ್ಲ. ಒಂದು ಎನರ್ಜಿಯಲ್ಲಿ ಗೆರೆಯ ಆಕಾರ ಊಹಿಸುತ್ತಾರೆ. ಎನರ್ಜಿ ಬದಲಾದರೆ ಗೆರೆ ಹೇಗೆ ಬದಲಾಗುತ್ತದೆ ಅಂತ ಹೇಳುವ ಡಿಜಿಎಲ್‌ಎಪಿ ಸಮೀಕರಣ ಹಾಕಿ ಬೇರೆ ಎನರ್ಜಿಗೆ ಒಯ್ಯುತ್ತಾರೆ. ಅಳತೆ ಜೊತೆ ತಾಳೆಯಾಗುವವರೆಗೆ ತಿದ್ದುತ್ತಾರೆ. ಆ ಅಳತೆಗಳಲ್ಲಿ ದೊಡ್ಡ ಪಾಲು ಹ್ಯಾಂಬರ್ಗ್‌ನ ಹೆರಾ ಯಂತ್ರದ್ದು. 1992ರಿಂದ 2007ರವರೆಗೆ ಅಲ್ಲಿ ಪ್ರೋಟಾನ್‌ಗೆ ಎಲೆಕ್ಟ್ರಾನ್ ಗುದ್ದಿಸಿ ನೋಡಿದರು. ಗ್ಲುವಾನ್ ಗೆರೆ ಅಷ್ಟು ಕಡಿದಾಗಿ ಏರುತ್ತದೆ ಅಂತ ಗೊತ್ತಾದದ್ದು ಅಲ್ಲೇ.

ಚಿಕ್ಕಮಗಳೂರಿನಿಂದ:
ಹಳೇಬೀಡು ನೆನಪಿಸಿ ಮೇಷ್ಟ್ರೇ. ದೂರದಿಂದ ಬರೀ ಗೋಡೆ. ಹತ್ತಿರ ಬಂದರೆ ಬುಡದಲ್ಲಿ ಆನೆ ಸಾಲು. ಇನ್ನೂ ಬಗ್ಗಿದರೆ ಒಂದೊಂದು ಆನೆಯ ಮೈಮೇಲಿನ ಒಡವೆ. ಎನರ್ಜಿ ಜಾಸ್ತಿ ಅಂದರೆ ಹೆಚ್ಚು ಬಗ್ಗಿ ನೋಡಿದ ಹಾಗೆ, ಅಲ್ವಾ?

ಪಾರ್ಟಾನ್ ಪ್ರಿಯ:
ಚೆನ್ನಾಗಿದೆ. ಆದರೆ ಕಲ್ಲಿನ ಆನೆ ನಿಂತಲ್ಲೇ ನಿಂತಿರುತ್ತದೆ. ಗ್ಲುವಾನ್ ಹುಟ್ಟುತ್ತಾ, ಒಡೆಯುತ್ತಾ, ಮಾಯವಾಗುತ್ತಾ ಇರುತ್ತದೆ. ಅದನ್ನೂ ಸೇರಿಸಿ ಹೇಳಿ ಸರ್.

ಹಾಸನದ ಮೇಷ್ಟ್ರು:
ಇವತ್ತು ಕ್ಲಾಸ್ ಆಯಿತು. ಮೂರು ಸೊನ್ನೆ ಅಳಿಸಲಿಲ್ಲ, ಸುತ್ತ ಚುಕ್ಕಿ ತುಂಬಿಸಿದೆ. ಆಮೇಲೆ ಎಲ್ಲರೂ ಸೇರಿ ಒಂದು ಲೆಕ್ಕ ಮಾಡಿದೆವು. ಜಿನೀವಾ ಹತ್ತಿರದ ಎಲ್‌ಎಚ್‌ಸಿ ಯಂತ್ರದಲ್ಲಿ 2015ರಿಂದ 2018ರವರೆಗೆ ಎದುರುಬದುರು ಬರುತ್ತಿದ್ದ ಪ್ರೋಟಾನ್‌ಗಳಿಗೆ ತಲಾ 6500 ಜಿಇವಿ (ಒಂದು ಜಿಇವಿ ಅಂದರೆ ಸಾವಿರ ಎಂಇವಿ). ಅಲ್ಲಿ ಸಿಕ್ಕ ಹಿಗ್ಸ್ ಕಣ ಹುಟ್ಟಲು ಬೇಕಾದದ್ದು 125. ಎರಡೂ ಕಡೆಯಿಂದ ನೂರಕ್ಕೆ ಒಂದರಷ್ಟು ಪಾಲು ಬಂದರೆ ಸಾಕು. ಗ್ರಾಫಿನಲ್ಲಿ ಆ ಜಾಗದ ಮೇಲೆ ಅವಳೇ ಬೆರಳಿಟ್ಟಳು. "ಇಲ್ಲಿ ಪೂರ್ತಿ ಗ್ಲುವಾನ್ ರಾಜ್ಯ ಸರ್!" ಹಿಗ್ಸ್ ಹೆಚ್ಚಾಗಿ ಹುಟ್ಟುವುದೂ ಎರಡು ಗ್ಲುವಾನ್ ಸೇರಿದಾಗಲೇ ಅಂತ ಹೇಳಿದಾಗ ಕ್ಲಾಸಿನಲ್ಲಿ ಪಿಸುಮಾತೂ ಇರಲಿಲ್ಲ.

ಬೆಲ್ ಹೊಡೆದ ಮೇಲೆ ಮತ್ತೆ ಬಂದಳು. ಗೆರೆ ಹೀಗೇ ಏರಿದರೆ ಕೊನೆ ಎಲ್ಲಿ ಅಂತೆ.

ಪಾರ್ಟಾನ್ ಪ್ರಿಯ:
ಒತ್ತೊತ್ತಾದ ಮೇಲೆ ಗ್ಲುವಾನ್‌ಗಳು ಒಡೆಯುವುದಷ್ಟೇ ಅಲ್ಲ, ಒಂದಕ್ಕೊಂದು ಕೂಡಿಕೊಳ್ಳಲೂಬೇಕು. ಆಗ ಏರಿಕೆ ನಿಧಾನವಾಗಬೇಕು. ಅದನ್ನು ಹುಡುಕಲಿಕ್ಕೂ ಸೇರಿಯೇ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಹೊಸ ಎಲೆಕ್ಟ್ರಾನ್-ಅಯಾನ್ ಯಂತ್ರದ ಕೆಲಸ ನಡೆದಿದೆ. ಅವಳು ಎಂಎಸ್ಸಿ ಮಾಡುತ್ತಾಳಾ ಸರ್?