ಟಚ್‌ಸ್ಕ್ರೀನ್ ಡ್ರೈವರ್ ಪ್ಯಾಚ್: ಬರೆದವರು ಸೀನಿಯರ್, ರಿವ್ಯೂ ಮಾಡಬೇಕಾದವನು ನಾನು

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಎಂಬೆಡೆಡ್ ಕೆಲಸಕ್ಕೆ ಸೇರಿ ಒಂದು ವರ್ಷ ಆಯ್ತು. ನಮ್ಮ ಬೋರ್ಡಿನಲ್ಲಿ ಗೂಡಿಕ್ಸ್ ಜಿಟಿ911 ಟಚ್ ಚಿಪ್ ಇದೆ. ಲಿನಕ್ಸ್‌ಗೆ ಆ ಚಿಪ್ ನಡೆಸುವ ನಮ್ಮದೇ ಸಣ್ಣ ಡ್ರೈವರ್ ಬರೆದುಕೊಂಡಿದ್ದೇವೆ. ಅದಕ್ಕೆ ಟೀಮಿನ ಸೀನಿಯರ್ ಒಬ್ಬರು ಪ್ಯಾಚ್ (ಕೋಡ್ ಬದಲಾವಣೆ) ಮಾಡಿ ರಿವ್ಯೂಗೆ ನನ್ನ ಹೆಸರು ಹಾಕಿದ್ದಾರೆ. ಕಮಿಟ್ ಸಂದೇಶ ಒಂದೇ ಸಾಲು: "ಟಚ್ ವೇಗ ಹೆಚ್ಚಿಸಿದೆ".

ಹಿಂದೆ ಡ್ರೈವರ್ ಚಿಪ್‌ನ ಸ್ಟೇಟಸ್ ಬೈಟ್ ಓದಿ, ಎಷ್ಟು ಬೆರಳಿದೆ ಅಂತ ನೋಡಿ, ಅಷ್ಟರ ಡೇಟಾ ಮಾತ್ರ ಓದುತ್ತಿತ್ತು. ಈಗ ಐದೂ ಬೆರಳಿನದು ಸೇರಿಸಿ 41 ಬೈಟ್ ಒಂದೇ ಸಲ ಓದುತ್ತದೆ. ಸಂಖ್ಯೆ 5 ದಾಟಿದರೆ ಬಿಟ್ಟುಬಿಡು ಎನ್ನುವ ಚೆಕ್ ತೆಗೆದಿದ್ದಾರೆ, "ಈ ಚಿಪ್ ಐದಕ್ಕಿಂತ ಹೆಚ್ಚು ಕೊಡುವುದೇ ಇಲ್ಲ" ಅಂತ. ಓದುವಾಗ ಎರರ್ ಬಂದರೆ ನೇರ ರಿಟರ್ನ್. ಹಿಂದೆ ಹಾಗಲ್ಲ, ಎರರ್ ಬಂದರೂ ಕೊನೆಗೆ ಹೋಗಿ ಸ್ಟೇಟಸ್‌ಗೆ ಸೊನ್ನೆ ಬರೆಯುತ್ತಿತ್ತು. ಬಿಲ್ಡ್ ಆಗಿದೆ, ಬೋರ್ಡಿನಲ್ಲೂ ಚೆನ್ನಾಗಿ ಓಡುತ್ತಿದೆ. ಸರಿ ಎಂದುಬಿಡಲೇ?

ಉತ್ತರ: ಬೇಡ, ಈಗಲೇ ಸರಿ ಎನ್ನಬೇಡಿ. ಚೆಕ್ ತೆಗೆದದ್ದೊಂದೇ ಸಾಕು ಈ ಪ್ಯಾಚ್ ನಿಲ್ಲಿಸುವುದಕ್ಕೆ.

ಜಿಟಿ911ರ ಸ್ಟೇಟಸ್ ಇರುವುದು ಹೆಕ್ಸ್ 814ಇ ವಿಳಾಸದಲ್ಲಿ. ಅದರ ಎಲ್ಲಕ್ಕಿಂತ ಮೇಲಿನ ಬಿಟ್ 1 ಆಗಿದ್ದರೆ ಡೇಟಾ ರೆಡಿ ಎಂದರ್ಥ. ಕೆಳಗಿನ ನಾಲ್ಕು ಬಿಟ್ ಬೆರಳಿನ ಸಂಖ್ಯೆ. ನಾಲ್ಕು ಬಿಟ್‌ನಲ್ಲಿ 15ರ ತನಕ ಹಿಡಿಯುತ್ತದೆ. ಚಿಪ್ ನೆಟ್ಟಗಿರುವಾಗ ಐದು ದಾಟುವುದಿಲ್ಲ, ಸೀನಿಯರ್ ಹೇಳಿದ್ದು ನಿಜ. ಆದರೆ ಯಾರದೋ ಕೈಯಿಂದ ಸ್ಟ್ಯಾಟಿಕ್ ಹೊಡೆದು ಓದಿನ ನಡುವೆ ಚಿಪ್ ರೀಸೆಟ್ ಆಯಿತು ಎಂದಿಟ್ಟುಕೊಳ್ಳಿ. ಚಿಪ್ ಮತ್ತು ಪ್ರೊಸೆಸರ್ ಮಾತಾಡುವ ಐ2ಸಿ ಬಸ್‌ನಲ್ಲಿ ಓದುವಾಗ ಡೇಟಾ ಬೈಟ್‌ಗಳಿಗೆ ಆಕ್ (ತಲುಪಿತು ಎನ್ನುವ ಗುರುತು) ಕೊಡುವುದು ನಮ್ಮ ಪ್ರೊಸೆಸರ್, ಚಿಪ್ ಅಲ್ಲ. ವಿಳಾಸಕ್ಕೆ ಆಕ್ ಕೊಟ್ಟ ಮೇಲೆ ಚಿಪ್ ಮಾಯವಾದರೆ ಯಾವ ಎರರೂ ಬರುವುದಿಲ್ಲ. ಪುಲ್‌ಅಪ್ ರೆಸಿಸ್ಟರ್ ಡೇಟಾ ತಂತಿಯನ್ನು ಮೇಲೆಯೇ ಹಿಡಿದಿರುತ್ತದೆ, ಬಂದ ಬಿಟ್‌ಗಳೆಲ್ಲ 1. ಆ ಸ್ಟೇಟಸ್ ಬೈಟ್ ನಿಮ್ಮ ಡ್ರೈವರ್‌ಗೆ ಹೇಳುವುದೇನು? ಡೇಟಾ ರೆಡಿ, ಬೆರಳು ಹದಿನೈದು! ತಲಾ 8 ಬೈಟ್‌ನಂತೆ 120 ಬೈಟ್ ಬೇಕು, ಓದಿದ್ದನ್ನು ಇಡುವ ಬಫರ್ ಇರುವುದು 41. ಲೂಪ್ ಬಫರ್ ದಾಟಿ, ಪಕ್ಕದ ಕರ್ನಲ್ ಮೆಮೊರಿಯಲ್ಲಿ ಇದ್ದಬದ್ದದ್ದನ್ನೆಲ್ಲ ಬೆರಳಿನ ಜಾಗ ಅಂತ ಓದುತ್ತಾ ಹೋಗುತ್ತದೆ. ಮೂಲ ಲಿನಕ್ಸ್ ಕರ್ನಲ್‌ನ ಗೂಡಿಕ್ಸ್ ಡ್ರೈವರ್ ತೆಗೆದು ನೋಡಿ: ಸಂಖ್ಯೆ ಮಿತಿ ಮೀರಿದರೆ ಪ್ರೋಟೋಕಾಲ್ ಎರರ್ ಕೊಟ್ಟು ಹೊರಬರುವ ಚೆಕ್ ಅಲ್ಲಿದೆ.

ಎರರ್ ದಾರಿಯೂ ತಪ್ಪು. ಸ್ಟೇಟಸ್‌ಗೆ ಸೊನ್ನೆ ಬರೆದಾಗಲೇ ಚಿಪ್‌ಗೆ "ಇವರು ಓದಿಕೊಂಡರು" ಅಂತ ಗೊತ್ತಾಗುವುದು. ನೇರ ರಿಟರ್ನ್ ಆದರೆ ಆ ಸೊನ್ನೆ ಹೋಗುವುದೇ ಇಲ್ಲ. ಹಳೆಯ ಕೋಡ್ ಮಾಡುತ್ತಿದ್ದುದೇ ಸರಿ, ವಾಪಸ್ ತನ್ನಿ.

ಇನ್ನು ವೇಗ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. 400 ಕಿಲೊಹರ್ಟ್ಸ್ ಬಸ್‌ನಲ್ಲಿ ಒಂದು ಬೈಟ್‌ಗೆ 9 ಕ್ಲಾಕ್, ಅಂದರೆ 22.5 ಮೈಕ್ರೊಸೆಕೆಂಡ್. ಪ್ರತಿ ಓದಿಗೂ ಚಿಪ್ ವಿಳಾಸ ಎರಡು ಸಲ, ರಿಜಿಸ್ಟರ್ ವಿಳಾಸ ಎರಡು ಬೈಟ್, ಒಟ್ಟು 4 ಬೈಟ್ ಮೇಲ್ಖರ್ಚು. ಒಂದೇ ಬೆರಳಿದ್ದಾಗ ಹಳೆಯ ಕೋಡ್ ಎರಡು ಓದು ಸೇರಿ 17 ಬೈಟ್, ಸುಮಾರು 380 ಮೈಕ್ರೊಸೆಕೆಂಡ್. ಹೊಸದು ಯಾವಾಗಲೂ 45 ಬೈಟ್, ಒಂದು ಮಿಲಿಸೆಕೆಂಡ್ ದಾಟುತ್ತದೆ. ಐದೂ ಬೆರಳಿಟ್ಟಾಗ ಮಾತ್ರ 49 ಬೈಟ್ ಹೋಗಿ 45 ಆಗುತ್ತದೆ. ಜನ ಪರದೆ ಮುಟ್ಟುವುದು ಹೆಚ್ಚಾಗಿ ಒಂದೇ ಬೆರಳಿನಲ್ಲಿ ತಾನೇ? ವೇಗ ಹೆಚ್ಚಿಸಲು ಬರೆದ ಪ್ಯಾಚ್ ದಿನಬಳಕೆಯಲ್ಲಿ ನಿಧಾನ ಮಾಡುತ್ತಿದೆ. ಸ್ಟೇಟಸ್ ಜೊತೆಗೇ ಮೊದಲ ಬೆರಳನ್ನೂ ಓದಿ, ಇನ್ನೂ ಇದ್ದರೆ ಮಾತ್ರ ಎರಡನೇ ಸಲ ಹೋಗುವುದು ಒಳ್ಳೆಯದು. ಆಗ ಒಂದು ಬೆರಳಿಗೆ 13 ಬೈಟ್ ಸಾಕು. ಮೂಲ ಡ್ರೈವರ್ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ.

ಪ್ರಶ್ನೆ ಕೇಳಿದವರು: ಲೆಕ್ಕ ನೋಡಿ ಬೆಚ್ಚಿಬಿದ್ದೆ, ಮೇಡಂ. ಇನ್ನೊಂದು ಹೇಳಲು ಮರೆತಿದ್ದೆ. ಇಂಟರಪ್ಟ್ (ಟಚ್ ಆಯಿತೆಂದು ಚಿಪ್ ಕೊಡುವ ಸೂಚನೆ) ಪಡೆಯುವ ಫಂಕ್ಷನ್ ಕರೆಯನ್ನು ಡೆವ್‌ಎಂ (ಕರ್ನಲ್ ತಾನೇ ಬಿಡುಗಡೆ ಮಾಡುವ) ರೂಪಕ್ಕೆ ಬದಲಿಸಿ, ಡ್ರೈವರ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ ಇಂಟರಪ್ಟ್ ಬಿಡುವ ಸಾಲು ಅಳಿಸಿದ್ದಾರೆ. ಚಿಪ್‌ಗೆ ವಿದ್ಯುತ್ ಕೊಡುವ ರೆಗ್ಯುಲೇಟರ್ ಆಫ್ ಮಾಡುವ ಸಾಲು ಅಲ್ಲೇ ಇದೆ. ಇದು ಪರವಾಗಿಲ್ಲವೇ?

ಉತ್ತರ: ಪರವಾಗಿಲ್ಲ ಎನ್ನುವಂತಿಲ್ಲ! ಡೆವ್‌ಎಂನಿಂದ ಪಡೆದದ್ದೆಲ್ಲ ಬಿಡುಗಡೆ ಆಗುವುದು ರಿಮೂವ್ ಫಂಕ್ಷನ್ ಮುಗಿದ ಮೇಲೆ, ಪಡೆದ ಕ್ರಮಕ್ಕೆ ತಿರುಗುಮುರುಗಾಗಿ. ಹಾಗಾಗಿ ಮೊದಲು ಚಿಪ್‌ನ ವಿದ್ಯುತ್ ಹೋಗುತ್ತದೆ, ಇಂಟರಪ್ಟ್ ಆಮೇಲೆ ಹೋಗುತ್ತದೆ. ನಡುವೆ ಇಂಟರಪ್ಟ್ ಬಂತೋ, ವಿದ್ಯುತ್ ಇಲ್ಲದ ಚಿಪ್ಪನ್ನು ಹ್ಯಾಂಡ್ಲರ್ ಓದಲು ಹೋಗುತ್ತದೆ. ರೆಗ್ಯುಲೇಟರ್ ಆನ್ ಮಾಡಿದ ಕೂಡಲೇ, ಇಂಟರಪ್ಟ್ ಪಡೆಯುವ ಮೊದಲೇ, ಅದನ್ನು ಆಫ್ ಮಾಡುವ ಕೆಲಸವನ್ನೂ ಡೆವ್‌ಎಂ ಆ್ಯಕ್ಷನ್ ಆಗಿ ಸೇರಿಸಲು ಹೇಳಿ. ಆಗ ಕ್ರಮ ತಾನಾಗಿ ಸರಿಹೋಗುತ್ತದೆ. ಮತ್ತೆ, ಇದು ವೇಗದ ಪ್ಯಾಚ್‌ನೊಳಗೆ ಇರಬಾರದು, ಬೇರೆ ಪ್ಯಾಚ್ ಆಗಲಿ.

ಪ್ರಶ್ನೆ ಕೇಳಿದವರು: ಅವರು ನನಗಿಂತ ಎಂಟು ವರ್ಷ ಸೀನಿಯರ್. ಇಷ್ಟೆಲ್ಲ ಬರೆದರೆ ಉದ್ಧಟತನ ಅನ್ನಿಸುವುದಿಲ್ಲವೇ?

ಉತ್ತರ: ನಿಮ್ಮ ಹೆಸರು ಹಾಕಿದವರು ಅವರೇ ಅಲ್ಲವೇ? ನೋಡಲಿ ಎಂದೇ ಹಾಕಿದ್ದಾರೆ. "ಇದು ತಪ್ಪು" ಎಂದು ಬರೆಯುವ ಬದಲು ಬೈಟ್ ಲೆಕ್ಕವನ್ನೇ ಕಾಮೆಂಟಿನಲ್ಲಿ ಹಾಕಿ, "ಒಂದು ಬೆರಳಿಗೆ ನನಗೆ ಹೀಗೆ ಬಂತು ಸರ್, ನೀವು ಅಳೆದಾಗ ಎಷ್ಟು ಬಂತು?" ಎಂದು ಕೇಳಿ. ಕಮಿಟ್ ಸಂದೇಶದಲ್ಲಿ ಇರಬೇಕಾಗಿದ್ದದ್ದು ಆ ಅಳತೆಯೇ.

ಚೆಕ್ ವಿಷಯಕ್ಕೆ ಮಾತಿಗಿಂತ ಪರೀಕ್ಷೆ ಮೇಲು. ಕೇಸಾನ್ (ಮೆಮೊರಿ ತಪ್ಪು ಹಿಡಿಯುವ ಕರ್ನಲ್ ಸೌಲಭ್ಯ) ಆನ್ ಮಾಡಿದ ಕರ್ನಲ್ ಬಿಲ್ಡ್ ಮಾಡಿ, ಸ್ಟೇಟಸ್ ಓದಿದ ತಕ್ಷಣ ಬೆರಳಿನ ಸಂಖ್ಯೆಯನ್ನು ತಾತ್ಕಾಲಿಕವಾಗಿ 15 ಮಾಡುವ ಒಂದು ಸಾಲು ಹಾಕಿ, ಪರದೆ ಮುಟ್ಟಿ. ಬಫರ್ ದಾಟಿದ ವರದಿ ಡಿಮೆಸ್ಗ್‌ನಲ್ಲಿ (ಕರ್ನಲ್ ಸಂದೇಶಗಳ ಲಾಗ್) ಫಂಕ್ಷನ್ ಹೆಸರಿನ ಸಮೇತ ಬರುತ್ತದೆ. ಅದನ್ನು ಕಾಮೆಂಟಿಗೆ ಅಂಟಿಸಿ. ಅವರು ಚೆಕ್ ವಾಪಸ್ ಹಾಕಿದ ಮೇಲೆ ಅದೇ ಪರೀಕ್ಷೆ ಇನ್ನೊಮ್ಮೆ ಓಡಿಸಿ, ಆಮೇಲೆ ನಿಮ್ಮ ಒಪ್ಪಿಗೆ ಕೊಡಿ.