ಡ್ರಾಸೆರಾ ಎಲಿಗೆ ಅಂಟಿದ ಹುಳದ ಫೋಟೊ: ಹನಿ ಬೆಳ್ಳಗ ಸುಡ್ತದ, ಹುಳ ಕರ್ರಗ ಉಳೀತದ

ಕೆಂಪುಕಲ್ಲು, ಬೀದರ್:

ಬೀದರ್ ಊರ ಹೊರಗಿನ ಜಂಬಿಟ್ಟಿಗೆ ಬಯಲಾಗ, ಮಳಿನೀರು ಜಿನುಗೋ ಕಡೆ ಎರಡು ನಮೂನಿ ಡ್ರಾಸೆರಾ (ಎಲಿಯ ಅಂಟುಹನಿಯಿಂದ ಹುಳ ಹಿಡಿಯೋ ಗಿಡ) ಅವ. ಒಂದು ನೆಲಕ್ಕ ಅಂಟಿ ನಾಣ್ಯದಷ್ಟಗಲ ಹರಡಿದ್ದು, ಇನ್ನೊಂದು ಗೇಣುದ್ದ ನೆಟ್ಟಗ ನಿಂತು ಸಪೂರ ಎಲಿ ಬಿಟ್ಟದ್ದು. ಎಲಿ ಮ್ಯಾಲ ಸಣ್ಣ ನೊಣ, ಸೊಳ್ಳಿ, ಇರುವಿ ಸಿಕ್ಕಿರ್ತಾವ. ಹುಳ ಯಾವುದಂತ ಗುರುತು ಹಿಡಿಯೋ ಹಂಗ ಫೋಟೊ ಬರಬೇಕು.

ಇರೋ ಸಾಮಾನು: ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ, 55-250 ಲೆನ್ಸ್, ಅದರ ಮುಂದ ರೇನಾಕ್ಸ್ ಡಿಸಿಆರ್-250 ಅನ್ನೋ ಕ್ಲೋಸ್-ಅಪ್ ಗ್ಲಾಸು, ಒಂದು ಫ್ಲ್ಯಾಶ್. 250ಕ್ಕ ಝೂಮ್ ಮಾಡಿ ಎಫ್/8 ಇಟ್ರ ಹುಳದ ಒಂದು ಕಣ್ಣಷ್ಟೇ ಚೊಕ್ಕ ಬರ್ತದ, ಉಳಿದದ್ದೆಲ್ಲಾ ಮಂಜು. ಹನಿಗಳ ಮ್ಯಾಲ ಬಿಳಿ ಚುಕ್ಕಿ ಸುಟ್ಟು ಕೂಡ್ತಾವ, ಹುಳ ಕರೀ ಮುದ್ದಿ ಆಗ್ತದ. ಎಲಿಯ ಕೆಂಪೂ ವಿವರ ಇಲ್ಲದ ಸಪಾಟ ಬಣ್ಣ ಆಗ್ತದ. ಏನು ಬದಲು ಮಾಡಬೇಕ್ರಿ? ಹುಳ ಸಿಕ್ಕ ಮ್ಯಾಲ ಎಷ್ಟು ಹೊತ್ತಿನೊಳಗ ತೆಗೀಬೇಕು?

ಸಮೀಪದೃಷ್ಟಿ, ಕಲಬುರಗಿ:

ಮೊದಲು ಝೂಮ್ ಇಳಸ್ರಿ. ರೇನಾಕ್ಸ್ 250 ಅಂದ್ರ 8 ಡಯಾಪ್ಟರ್, ಅಂದ್ರ 125 ಮಿಮೀ ನಾಭಿದೂರದ ಗ್ಲಾಸು. ಲೆನ್ಸ್ ಫೋಕಸ್ ಅನಂತಕ್ಕ ಇಟ್ಟಾಗ ವರ್ಧನೆ ಎಷ್ಟಂದ್ರ ಝೂಮ್ ಭಾಗಿಸು 125. 250ಕ್ಕ ಇಟ್ರ 2:1 (ಸೆನ್ಸರ್ ಮ್ಯಾಲ ಖರೇ ಗಾತ್ರದ ಎರಡು ಪಟ್ಟು), 125ಕ್ಕ ಇಟ್ರ 1:1 (ಖರೇ ಗಾತ್ರದಷ್ಟೇ). ನೀವು 2:1ರಾಗ ಎಫ್/8 ಇಟ್ಟೀರಿ. ಅಲ್ಲಿ ಚೊಕ್ಕ ಕಾಣೋ ಆಳ 0.08 ಮಿಮೀ. ಒಂದು ಕಣ್ಣು ಬಂದದ್ದೇ ಹೆಚ್ಚು.

ಇನ್ನೊಂದು ಮಾತು ಭಾಳ ಮಂದಿ ಗಮನಿಸೂದಿಲ್ಲ. ಖರೇ ಮ್ಯಾಕ್ರೋ ಲೆನ್ಸ್ 1:1ಕ್ಕ ಬಂದಾಗ ಎಫ್/8 ಅಂತ ಇಟ್ಟದ್ದು ಹತ್ತಿರಹತ್ತಿರ ಎಫ್/16ರಂಗ ಕೆಲಸ ಮಾಡ್ತದ. ರೇನಾಕ್ಸ್ ಹಾಕಿದಾಗ ಹಂಗಾಗೂದಿಲ್ಲ, ಎಫ್/8 ಅಂದ್ರ ಎಫ್/8ಏ. ಅದಕ್ಕ ಮ್ಯಾಕ್ರೋ ಲೆನ್ಸಿನವರು ಹೇಳೋ ಎಫ್/8 ನೀವು ಹಂಗೇ ಹಾಕಿದ್ರ ಆಳ ಅರ್ಧಕ್ಕ ಇಳೀತದ. 125 ಮಿಮೀ, ಎಫ್/13 ಇಡ್ರಿ, ಅರ್ಧ ಮಿಮೀ ಆಳ ಸಿಗ್ತದ. ಎಫ್/16 ದಾಟಬ್ಯಾಡ್ರಿ, ಡಿಫ್ರ್ಯಾಕ್ಷನ್‌ನಿಂದ (ಸಣ್ಣ ತೂತಿನಾಗ ಬೆಳಕು ಹರಡೂದ್ರಿಂದ) ರೆಕ್ಕಿಯ ನರ ಮೆತ್ತಗಾಗ್ತಾವ. ಲೆನ್ಸಿನ ಮುಂಭಾಗದಿಂದ ಗಿಡಕ್ಕ ಸುಮಾರು 12 ಸೆಂಮೀ ದೂರ ಇರ್ತದ; ಫೋಕಸ್ ರಿಂಗ್ ತಿರುವೂದು ಬಿಟ್ಟು, ಕ್ಯಾಮೆರಾನೇ ಹಿಂದಮುಂದ ಸರಸ್ರಿ. ನೆಟ್ಟಗಿನ ಗಿಡಕ್ಕ ಎಲಿಯ ಉದ್ದಕ್ಕ ಸೆನ್ಸರ್ ಸಮಾನಾಂತರ ಇರ್ಲಿ, ಅಂದ್ರ ಅದೇ ಅರ್ಧ ಮಿಮೀಯೊಳಗ ಎಲಿ, ಹುಳ ಎರಡೂ ಕೂಡ್ತಾವ.

ಈಗ ಬೆಳಕು. ಅಂಟಿನ ಹನಿ ಒಂದು ಉಬ್ಬುಗನ್ನಡಿ. ಎದುರಿಗಿನ ಬೆಳಕಿನ ಆಕಾರಾನೇ ಅದರಾಗ ಬೀಳ್ತದ. ಬರೀ ಫ್ಲ್ಯಾಶ್ ಹೊಡದ್ರ ಪುಟ್ಟ, ಕಡು ಬಿಳಿ ಚುಕ್ಕಿ. ಆ ಚುಕ್ಕಿ ಸುಡಬಾರದಂತ ಎಕ್ಸ್‌ಪೋಶರ್ ಇಳಿಸಿದ್ರ ಹುಳ ಕತ್ತಲಾಗ್ತದ. ಎರಡಕ್ಕೂ ಮದ್ದು ಒಂದೇ: ಬೆಳಕಿನ ಮೂಲ ದೊಡ್ಡದಾಗಬೇಕು, ಹತ್ತಿರ ಬರಬೇಕು. 20 ಸೆಂಮೀ ಅಗಲದ ಡಿಫ್ಯೂಸರ್ (ಬೆಳಕು ಹರಡೋ ಪರದೆ) ಮಾಡಿ ಗಿಡದಿಂದ 8-10 ಸೆಂಮೀ ಮ್ಯಾಲ, ಲೆನ್ಸಿನ ತುದಿಯಿಂದ ಮುಂದಕ್ಕ ಬಾಗೋ ಹಂಗ ಕಟ್ಟ್ರಿ. ಒಂದೇ ಪದರ ಸಾಲೂದಿಲ್ಲ, ನಡುವ ಉರಿಯೋ ಚುಕ್ಕಿ ಉಳೀತದ. ಫ್ಲ್ಯಾಶ್ ಮುಖಕ್ಕ ಒಂದು ಬಟರ್ ಪೇಪರ್, ಅಲ್ಲಿಂದ 5-6 ಸೆಂಮೀ ಬಿಟ್ಟು ಟಿವಿ ಪ್ಯಾಕಿಂಗಿನಾಗ ಬರೋ ತೆಳು ಬಿಳಿ ಫೋಮ್ ಹಾಳಿ. ಪೋಲರೈಸರ್ ಹಾಕಬ್ಯಾಡ್ರಿ; ಹನಿಯ ಹೊಳಪು ತಗದ್ರ ಅದು ಡ್ರಾಸೆರಾ ಅನಸೂದೇ ಇಲ್ಲ.

ಸೆಟ್ಟಿಂಗ್: ಮ್ಯಾನುವಲ್, 1/200, ಐಎಸ್‌ಒ 100, ಎಫ್/13, ಫ್ಲ್ಯಾಶ್ 1/8ರಿಂದ ಶುರು ಮಾಡಿ ನೋಡ್ಕೋತ ಹೋಗ್ರಿ. ನಮ್ಮ ಕಡೆ ಬಿಸಲು ಜೋರು, ಫ್ಲ್ಯಾಶ್ ಜೋಡಿ ಬಿಸಲೂ ದಾಖಲಾಗಿ ಗಾಳಿಗೆ ಅಲ್ಲಾಡಿದ ಗೊಣ್ಣಿಗೆ (ತುದಿಗೆ ಹನಿ ಇರೋ ಎಲಿಯ ಕೂದಲಿಗೆ) ಎರಡೆರಡು ಅಂಚು ಮೂಡ್ತಾವ. ಕರೀ ಛತ್ರಿ ಹಿಡದ್ರ ಬಿಸಲೂ ನಿಲ್ತದ, ಗಾಳೀನೂ ನಿಲ್ತದ. ಬಣ್ಣದ ಛತ್ರಿ ಬ್ಯಾಡ, ಅದರ ಬಣ್ಣ ಗಿಡದ ಮ್ಯಾಲ ಬೀಳ್ತದ. ಕ್ಯಾಮೆರಾ ಕೆಳಗ ಟ್ರೈಪಾಡ್ ಬದಲು ಜೋಳ ತುಂಬಿದ ಸಣ್ಣ ಬಟ್ಟಿಚೀಲ ಇಡ್ರಿ, ಹಸಿ ನೆಲಕ್ಕ ತಾಗದಂಗ ಕೆಳಗ ಪ್ಲಾಸ್ಟಿಕ್.

ಕೆಂಪು ಸಪಾಟ ಆಗೂದು ಕೆಂಪು ಚಾನೆಲ್ ಒಂದೇ ತುಂಬಿ ಹೋಗೂದ್ರಿಂದ. ಸಾದಾ ಹಿಸ್ಟೋಗ್ರಾಮ್ ಅದನ್ನ ತೋರಸೂದಿಲ್ಲ; ಮೂರೂ ಬಣ್ಣದ್ದು ಬ್ಯಾರೆ ಬ್ಯಾರೆ ನೋಡ್ರಿ. ಮುಕ್ಕಾಲು ಸ್ಟಾಪ್ ಕಡಿಮಿ ತಗದು, ರಾ ಫೈಲಿನಾಗ (ಕ್ಯಾಮೆರಾದ ಕಚ್ಚಾ ಫೈಲಿನಾಗ) ಹುಳದ ನೆರಳು ಎತ್ಕೊಳ್ರಿ. ವೈಟ್ ಬ್ಯಾಲೆನ್ಸ್ ಆಟೋ ಬ್ಯಾಡ, ಕೆಂಪು ಗಿಡ ಕೆಂಪು ನೆಲದಾಗ ಅದು ಮೋಸ ಹೋಗ್ತದ, ಫ್ಲ್ಯಾಶ್‌ಗೆ ಇಡ್ರಿ.

ಹಸಿರುಜಾಡು, ಯಾದಗಿರಿ:

ಬೆಳಕಿನ ಮಾತು ಮೇಲಿನವರು ಸರಿಯಾಗಿಯೇ ಹೇಳಿದ್ದಾರೆ. ಸಮಯದ ಬಗ್ಗೆ ನಾನು ಹೇಳುತ್ತೇನೆ. ಹುಳದ ಗುರುತು ಸಿಗುವುದು, ತಪ್ಪುವುದು ಅದರ ಮೇಲೆಯೇ ನಿಂತಿದೆ.

ನಿಮ್ಮ ವರ್ಣನೆಯ ಪ್ರಕಾರ ನೆಲಕ್ಕೆ ಅಂಟಿದ್ದು ಡ್ರಾಸೆರಾ ಬರ್ಮನಿ, ನೆಟ್ಟಗಿನದು ಡ್ರಾಸೆರಾ ಇಂಡಿಕಾ. ಎರಡರ ಹಿಡಿತ ಬೇರೆ. ಬರ್ಮನಿಯ ಎಲೆಯಂಚಿನ ಉದ್ದ ಗೊಣ್ಣೆಗಳು ಹುಳ ತಾಗಿದ ಕೆಲವೇ ಸೆಕೆಂಡಿನಲ್ಲಿ ಒಳಕ್ಕೆ ಬಾಗುತ್ತವೆ. ಇಂಡಿಕಾದ್ದು ನಿಧಾನ, ಮೊದಲು ಅಂಟು ಹಿಡಿದಿಡುತ್ತದೆ, ಆಮೇಲೆ ಗೊಣ್ಣೆಗಳು, ಕೊನೆಗೆ ಎಲೆಯೇ ಸುರುಳಿಯಾಗುತ್ತದೆ. ಹೀಗಾಗಿ ಹುಳದ ಪೂರ್ತಿ ದೇಹ ಬೇಕಿದ್ದರೆ ಇಂಡಿಕಾವನ್ನೇ ಆರಿಸಿಕೊಳ್ಳಿ, ಸಿಕ್ಕ ಮೊದಲ ಕೆಲವು ಗಂಟೆಯಲ್ಲಿ ತೆಗೆಯಿರಿ. ಮರುದಿನದ ಹೊತ್ತಿಗೆ ಮೀಸೆ, ಕಾಲು, ರೆಕ್ಕೆಯೆಲ್ಲ ಲೋಳೆಯಲ್ಲಿ ಮೆತ್ತಿಕೊಂಡಿರುತ್ತವೆ. ಕೆಲವು ದಿನದಲ್ಲಿ ಉಳಿಯುವುದು ಬರೀ ಚಿಪ್ಪು. ಇರುವೆಗಳು ಬಂದು ಬೇಟೆಯನ್ನು ಕಿತ್ತೊಯ್ಯುವುದೂ ಉಂಟು. ಎಲೆಯ ಮೇಲಿನ ಇರುವೆಯೆಲ್ಲ ಬಲಿಯೇ ಎಂದು ಬರೆಯುವ ಮುಂಚೆ ಅದರ ಕಾಲು ಅಂಟಿದೆಯೋ ಇಲ್ಲವೋ ನೋಡಿ.

ಬೆಳಗಿನ ಜಾವ ಹೋಗಬೇಡಿ. ಇಬ್ಬನಿ ಅಂಟಿನ ಮೇಲೆ ಕೂತು ಹನಿಗಳು ಒಂದಕ್ಕೊಂದು ಕೂಡಿರುತ್ತವೆ, ನೀರು ಯಾವುದು ಲೋಳೆ ಯಾವುದು ತಿಳಿಯುವುದಿಲ್ಲ. ಇಬ್ಬನಿ ಆರಿದ ಮೇಲೆ ಶುರು ಮಾಡಿ. ಹೂವೂ ಆಗಲೇ ಅರಳಿರುತ್ತದೆ, ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಜೋರು ಮಳೆ ಬಿದ್ದರೆ ಅಂಟು ತೊಳೆದುಹೋಗುತ್ತದೆ, ಅದು ಮತ್ತೆ ಒಸರುವ ತನಕ ಕಾಯಬೇಕು.

ಒಂದು ಹುಳಕ್ಕೆ ಕನಿಷ್ಠ ಎರಡು ಚಿತ್ರ: ಒಂದು ನೇರ ಮೇಲಿನಿಂದ ರೆಕ್ಕೆಯ ನರ ಕಾಣುವಂತೆ, ಇನ್ನೊಂದು ಪಕ್ಕದಿಂದ ತಲೆ, ಮೀಸೆ, ಬಾಯಿ ಕಾಣುವಂತೆ. ಸೊಳ್ಳೆಯಂತೆ ಕಾಣುವುದೆಲ್ಲ ಸೊಳ್ಳೆಯಲ್ಲ. ಉದ್ದ ಸೊಂಡಿಲು ಇಲ್ಲದಿದ್ದರೆ ಅದು ಬಹುಶಃ ಕಚ್ಚದ ಕೈರೊನೊಮಿಡ್ ನೊಣ. ನೀರಿನ ಅಂಚಿನ ಡ್ರಾಸೆರಾಗಳಲ್ಲಿ ಅವೇ ಹೆಚ್ಚಾಗಿ ಸಿಗಬಹುದು. ಅಳತೆಗೆ ಗಿಡದ ಪಕ್ಕ ಸ್ಕೇಲ್ ಚುಚ್ಚಬೇಕಿಲ್ಲ. ಅದೇ ಝೂಮ್, ಅದೇ ಅನಂತ ಫೋಕಸ್ ಇಟ್ಟು ಮನೆಯಲ್ಲಿ ಸ್ಕೇಲಿನದೊಂದು ಚಿತ್ರ ತೆಗೆದುಕೊಳ್ಳಿ, ಹೋಲಿಸಿದರೆ ಸಾಕು.

ಚಿತ್ರಕ್ಕಾಗಿ ನೀವೇ ಹುಳ ಹಿಡಿದು ಎಲೆಗೆ ಹಾಕಬೇಡಿ. ಹಾಕಿದ ಚಿತ್ರವನ್ನು ‘ಸಹಜ ಬೇಟೆ’ ಎಂದು ಹಂಚಿಕೊಂಡರೆ ಆ ದಾಖಲೆ ಯಾರಿಗೂ ಉಪಯೋಗಕ್ಕೆ ಬಾರದು. ಮಾಂಸದ ಚೂರು ಇಟ್ಟರೆ ಎಲೆ ಕೊಳೆಯುತ್ತದೆ.

ಕೆಂಪುಕಲ್ಲು, ಬೀದರ್:

ಭಾಳ ಉಪಕಾರ ಆಯ್ತ್ರಿ. ಫೋಕಸ್ ಸ್ಟ್ಯಾಕಿಂಗ್ (ಬ್ಯಾರೆ ಬ್ಯಾರೆ ಆಳಕ್ಕ ಫೋಕಸ್ ಇಟ್ಟು ತಗದ ಫ್ರೇಮು ಕೂಡಿಸೂದು) ಮಾಡಬಹುದಾ? ಮತ್ತ ಇಲ್ಲೇ ಒಂದು ಕೆರಿಯಾಗ ಹಳದಿ ಹೂವಿನ ಯುಟ್ರಿಕ್ಯುಲೇರಿಯಾ (ಸಣ್ಣ ಚೀಲದಿಂದ ಹುಳ ಹಿಡಿಯೋ ನೀರಗಿಡ) ತೇಲ್ತದ. ಅದು ಹುಳ ಹಿಡಿಯೋದನ್ನ ತೆಗಿಯೋಕ ಆಗ್ತದಾ?

ಸಮೀಪದೃಷ್ಟಿ, ಕಲಬುರಗಿ:

ಹುಳ ಒದ್ದಾಡೋ ತನಕ ಸ್ಟ್ಯಾಕಿಂಗ್ ಆಗೂದಿಲ್ಲ. ಅದು ನಿಂತ ಮ್ಯಾಲ, ಗಾಳಿ ಇಲ್ಲದಾಗ, 0.3 ಮಿಮೀ ಹೆಜ್ಜಿಯಂತೆ ರೇಲ್ ಸರಸ್ರಿ. 6 ಮಿಮೀ ಆಳಕ್ಕ 20 ಫ್ರೇಮು. ಫ್ರೇಮು ಕೂಡಿಸೋ ಝೆರೀನ್ ಸಾಫ್ಟ್‌ವೇರಿನಾಗ ಪಿಮ್ಯಾಕ್ಸ್ ಅನ್ನೋ ವಿಧಾನ ಗೊಣ್ಣಿಗಳನ್ನ ಚಲೋ ಬಿಡಿಸ್ತದ. ಆದ್ರ ಹನಿಯ ಮೈಗೂ ಅದರೊಳಗಿನ ಪ್ರತಿಬಿಂಬಕ್ಕೂ ಫೋಕಸ್ ಬ್ಯಾರೆ ಬ್ಯಾರೆ, ಹಿಂಗಾಗಿ ಹನಿ ಸುತ್ತ ಉಂಗುರ ಬೀಳ್ತಾವ. ಮುಖ್ಯ ಹನಿಗಳನ್ನ ಒಂದೇ ಫ್ರೇಮಿನಿಂದ ರಿಟಚ್ ಮಾಡಿ ತುಂಬ್ರಿ.

ಹಸಿರುಜಾಡು, ಯಾದಗಿರಿ:

ಯುಟ್ರಿಕ್ಯುಲೇರಿಯಾ ಹಿಡಿಯುವ ಕ್ಷಣ ನಿಮ್ಮ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಬಾಗಿಲ ಬಳಿಯ ಕೂದಲು ತಾಗಿದೊಡನೆ ಚೀಲ ನೀರಿನ ಸಮೇತ ಪ್ರಾಣಿಯನ್ನು ಎಳೆದುಕೊಳ್ಳುತ್ತದೆ, ಎಲ್ಲ ಒಂದು ಮಿಲಿಸೆಕೆಂಡಿನೊಳಗೆ. ಸಾಧ್ಯವಿರುವುದು, ಬೇಟೆ ತುಂಬಿದ ಚೀಲದ ಚಿತ್ರ. ಅದೂ ಚೆಂದವೇ: ಚೀಲದ ಗೋಡೆ ಪಾರದರ್ಶಕ, ಒಳಗಿನ ನೀರುಚಿಗಟ, ಸೈಕ್ಲಾಪ್ಸ್, ಎಳೆಯ ಸೊಳ್ಳೆಮರಿ ಹೊರಗೆ ಕಾಣುತ್ತವೆ.

ಗಿಡವನ್ನು ಮಾತ್ರ ನೀರಿನಿಂದ ಮೇಲೆತ್ತಬೇಡಿ. ಎತ್ತಿದರೆ ಚೀಲಗಳು ಗಾಳಿ ಎಳೆದುಕೊಳ್ಳುತ್ತವೆ. ಚಿತ್ರದಲ್ಲಿ ಪ್ರತಿ ಚೀಲದೊಳಗೂ ಕಪ್ಪು ಅಂಚಿನ ಗುಳ್ಳೆ ಬರುತ್ತದೆ, ಬೇಟೆ ಅದರ ಹಿಂದೆ ಅಡಗುತ್ತದೆ. ಡಬ್ಬಿಯನ್ನೇ ಕೆರೆಯಲ್ಲಿ ಮುಳುಗಿಸಿ, ಬೆರಳುದ್ದದ ತುಂಡನ್ನು ನೀರಿನೊಳಗೇ ತುಂಬಿಕೊಳ್ಳಿ. ಎರಡು ಗಾಜಿನ ಹಾಳೆಯ ನಡುವೆ 5 ಮಿಮೀ ಸಂದು ಬಿಟ್ಟು, ಮೂರು ಬದಿ ಸಿಲಿಕೋನ್ ಹಚ್ಚಿದ ತೊಟ್ಟಿಗೆ ಅದನ್ನು ನೀರಿನ ಸಮೇತ ಇಳಿಸಿ. ನಲ್ಲಿ ನೀರು ಬೇಡ, ಗಾಜಿಗೆಲ್ಲ ಗುಳ್ಳೆ ಕಟ್ಟುತ್ತದೆ. 15-20 ನಿಮಿಷ ಕೆಸರು ತಳಕ್ಕೆ ಕೂರಲಿ. ಹಿಂದೆ ಕಪ್ಪು ಕಾಗದ, ಫ್ಲ್ಯಾಶ್ ಎದುರಿನಿಂದಲ್ಲ, ಪಕ್ಕದಿಂದ. ಎದುರಿನಿಂದ ಹೊಡೆದರೆ ಗಾಜಿನಲ್ಲಿ ನಿಮ್ಮ ಲೆನ್ಸೇ ಕಾಣುತ್ತದೆ. ಚೀಲಗಳು ಹೆಚ್ಚೆಂದರೆ ಕೆಲವು ಮಿಮೀ, ಆದ್ದರಿಂದ ಇಲ್ಲಿ ನಿಮ್ಮ 250 ಝೂಮ್, 2:1 ಉಪಯೋಗಕ್ಕೆ ಬರುತ್ತದೆ. ಮುಗಿದ ಮೇಲೆ ತುಂಡನ್ನು ಅದೇ ಕೆರೆಗೆ ಬಿಡಿ, ಬೇರೆ ಕೆರೆಗಲ್ಲ.

ಡ್ರಾಸೆರಾ ಜಾಗದ ಬಗ್ಗೆ ಒಂದು ಮಾತು. ಇವು ಮಳೆಗಾಲದ ನಂತರ ಕೆಲವೇ ತಿಂಗಳು ಬದುಕುವ ಗಿಡಗಳು, ಬೇಸಿಗೆಗೆ ಉಳಿಯುವುದು ಬೀಜ ಮಾತ್ರ. ಮಲಗುವಾಗ ಬರೀ ಕಲ್ಲಿನ ಮೇಲೆ ಮೈ ಚಾಚಿ, ಜಿನುಗು ನೆಲಕ್ಕೆ ಮೊಣಕೈ ಊರಬೇಡಿ. ಔಷಧಿಗೆಂದು ಇವನ್ನು ಕೀಳುವವರಿದ್ದಾರೆ. ಚಿತ್ರ ಹಂಚುವ ಮುಂಚೆ ಫೈಲಿನ ಜಿಪಿಎಸ್ ಅಳಿಸಿ, ಜೀವಿಗಳ ದಾಖಲೆ ಹಂಚುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವುದಾದರೆ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆ ಒತ್ತಿ. ಚಿಂಚೋಳಿ ವನ್ಯಜೀವಿ ಧಾಮದೊಳಗೆ ಹುಡುಕುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಕಲಬುರಗಿಯ ತೊಗರಿ ಬೆಳೆಯುವ ಎರೆ ಹೊಲಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಾರ ಕಡಿಮೆ ಇರುವ, ಹುಳಿ ಗುಣದ, ತೇವದ ನೆಲವೇ ಡ್ರಾಸೆರಾಗೆ ಬೇಕು.