ಇಂಧನವೇ ಇಲ್ಲದ ರಿಯಾಕ್ಟರಿನ ಕಟ್ಟಡ ಸಿಡಿದದ್ದು ಹೇಗೆ?

ಕಾಳಿತೀರ:
ಜಪಾನಿನ ಫುಕುಶಿಮಾ ಅಣುಸ್ಥಾವರದ 4ನೇ ಘಟಕ 2010ರ ನವೆಂಬರಿನಿಂದಲೇ ನಿಂತಿತ್ತು. ಇಂಧನವನ್ನೆಲ್ಲ ರಿಯಾಕ್ಟರಿನಿಂದ ತೆಗೆದು ಕೊಳದಲ್ಲಿ ಇಟ್ಟಿದ್ದರು. ಆದರೂ 2011ರ ಮಾರ್ಚ್ 15ರ ಬೆಳಿಗ್ಗೆ ಆ ಕಟ್ಟಡ ಸಿಡಿಯಿತು. ಸಿಡಿದದ್ದಾದರೂ ಏನು? ಕೈಗಾ ನಮ್ಮೂರಿಗೆ ದೂರವಿಲ್ಲ. ಮನೆಯಲ್ಲಿ ಎಲ್ಲರೂ ‘ಅಣುಬಾಂಬೇ’ ಎನ್ನುತ್ತಾರೆ.

ರಸಾಯನ ಮೇಷ್ಟ್ರು:
ಮೊದಲು ಆ ಬಾಂಬಿನ ಮಾತು ಬಿಡಿ. ಸಿಡಿದದ್ದು ಜಲಜನಕ, ಅದೂ ಪಕ್ಕದ 3ನೇ ಘಟಕದ್ದು.

ಇಂಧನ ತುಂಬುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ರಿಯಾಕ್ಟರ್ ನಿಂತ ಮೇಲೂ ಇಂಧನದಲ್ಲಿ ಶಾಖ ಹುಟ್ಟುತ್ತಲೇ ಇರುತ್ತದೆ. ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ತಣಿಸುವ ವ್ಯವಸ್ಥೆ ಕೈಕೊಟ್ಟಿತು. ನೀರು ಕುದಿದು ತಗ್ಗಿ ಕೊಳವೆಗಳು ಬಯಲಾದವು. 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಜಿರ್ಕೋನಿಯಂ ಹಬೆಯ ಆಮ್ಲಜನಕವನ್ನು ರಭಸದಿಂದ ಕಸಿದುಕೊಳ್ಳುತ್ತದೆ, ಜಲಜನಕ ಉಳಿಯುತ್ತದೆ. ಈ ಕ್ರಿಯೆಯೂ ಶಾಖ ಕೊಡುವುದರಿಂದ ಕಾವು ಇನ್ನೂ ಏರುತ್ತದೆ. ನಾನು ಪಾಠದಲ್ಲಿ ಇದನ್ನು ಹೇಳಿದಾಗ ಮಕ್ಕಳು ನಂಬುತ್ತಿರಲಿಲ್ಲ, ಬೆಂಕಿ ಆರಿಸುವ ನೀರಿನಿಂದಲೇ ಉರಿಯುವ ಅನಿಲವೇ ಎಂದು!

ಸುರಕ್ಷಾ ಕವಚದೊಳಗೆ ಸಾರಜನಕ ತುಂಬಿದ್ದರಿಂದ ಅಲ್ಲಿ ಅದು ಉರಿಯಲಿಲ್ಲ. ಒತ್ತಡಕ್ಕೆ ಸೋರಿ ಮೇಲಿನ ಮಹಡಿಗೆ ಬಂದಾಗ ಗಾಳಿ ಸಿಕ್ಕಿತು. 12ರಂದು 1ನೇ ಘಟಕ, 14ರಂದು 3ನೇ ಘಟಕ. ಈ 3 ಮತ್ತು 4ರ ಹೊಗೆಗೊಳವೆ ಒಂದೇ. ಆ ದಾರಿಯಲ್ಲಿ 3ರ ಜಲಜನಕ 4ರೊಳಗೆ ಹಿಂದಕ್ಕೆ ನುಗ್ಗಿತು. ಆಮೇಲೆ 4ರ ಗಾಳಿ ಸೋಸುವ ಶೋಧಕಗಳನ್ನು ಅಳೆದಾಗ 3ರ ಕಡೆಯ ತುದಿಯಲ್ಲೇ ವಿಕಿರಣ ಹೆಚ್ಚಿತ್ತು.

ದೊಡ್ಡಪ್ಪನ ಮಗ:
ಹಾಗಾದರೆ 2ನೆಯದರ ಕಟ್ಟಡ ಏಕೆ ಉಳಿಯಿತು? ಚೆರ್ನೋಬಿಲ್ ಕೂಡ ಜಲಜನಕವೇ?

ರಸಾಯನ ಮೇಷ್ಟ್ರು:
1ನೆಯದು ಸಿಡಿದ ಹೊಡೆತಕ್ಕೆ 2ರ ಗೋಡೆಯ ಫಲಕವೊಂದು ಕಳಚಿ ಬಿದ್ದಿತ್ತು. ಜಲಜನಕ ಅಲ್ಲಿಂದ ಹೊರಹೋಯಿತು. ಅದೃಷ್ಟ, ಬೇರೇನಲ್ಲ.

ಚೆರ್ನೋಬಿಲ್ ಬೇರೆ ಕಥೆ. 1986ರ ಏಪ್ರಿಲ್ 26ರಂದು ಓಡುತ್ತಿದ್ದ ರಿಯಾಕ್ಟರಿನ ಶಕ್ತಿಯೇ ಕೆಲವು ಕ್ಷಣಗಳಲ್ಲಿ ಹತೋಟಿ ಮೀರಿತು. ಇಂಧನ ಚೂರಾಗಿ ನೀರಿಗೆ ತಾಗಿ, ಹಬೆಯ ಒತ್ತಡ ಭಾರೀ ಮುಚ್ಚಳವನ್ನೇ ಎತ್ತಿ ಎಸೆಯಿತು. ಎರಡನೆಯ ಸ್ಫೋಟದ ಬಗ್ಗೆ ತಜ್ಞರಿನ್ನೂ ವಾದಿಸುತ್ತಿದ್ದಾರೆ.

ಕಾಳಿತೀರ:
ಕೈಗಾ?

ರಸಾಯನ ಮೇಷ್ಟ್ರು:
ಅಲ್ಲಿ ಬಳಸುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಸುಲಭವಾಗಿ ಸೀಳುವ ಬಗೆಯಾದ ಯುರೇನಿಯಂ-235 ಶೇಕಡಾ 0.7 ಮಾತ್ರ. ಬಾಂಬಾಗದು. ಆದರೆ ಕೊಳವೆಗಳು ಅಲ್ಲಿಯೂ ಜಿರ್ಕೋನಿಯಂ ಮಿಶ್ರಲೋಹವೇ. ವಿದ್ಯುತ್ ಇಲ್ಲದೆಯೇ ಜಲಜನಕವನ್ನು ಆಮ್ಲಜನಕದೊಡನೆ ಸೇರಿಸಿ ನೀರಾಗಿಸುವ ವೇಗವರ್ಧಕ ಫಲಕಗಳಿವೆ. ಅಧಿಕಾರಿಗಳು ಸಿಕ್ಕರೆ ಅವುಗಳ ಬಗ್ಗೆ ಕೇಳಿ.